‘ಸೈಟ್ ಓಪನ್ ಆಗುತ್ತಿಲ್ಲ’ ಎನ್ನುವ ಮುನ್ನ

ಕಳೆದ ತಿಂಗಳ ಒಂದು ಜುಮಾ ದಿನ. ನಮಾಝ್ ಮುಗಿದು ಜನ ಚದುರಿದ ಮೇಲೆ ನಮ್ಮ ಜಮಾಅತಿನ ಒಬ್ಬ ಸಹೋದರರು ಮಗನನ್ನು ಕರೆದುಕೊಂಡು ನಮ್ಮ ಕೊಠಡಿಗೆ ಬಂದರು. ಅವರು ಬಡಗಿ ಕೆಲಸದವರು. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹುಡುಗನ ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ತಂದೆಯ ಮುಖದಲ್ಲಿ ಸಿಟ್ಟು.

“ಹಜ್ರತ್, ಸಾಲ ಮಾಡಿ ತೆಗೆಸಿಕೊಟ್ಟದ್ದು. ವರ್ಷ ಕೂಡ ಆಗಿಲ್ಲ, ಏನೇನೋ ನೋಡಿ ಕೆಡಿಸಿಟ್ಟಿದ್ದಾನೆ. ಸ್ಕಾಲರ್‌ಶಿಪ್ ಅರ್ಜಿಗೆ ಭಾನುವಾರ ಕೊನೇ ದಿನ. ನೀವೇ ಇವನಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದರು. ಹುಡುಗ ತಲೆ ತಗ್ಗಿಸಿಕೊಂಡೇ, “ನಾನು ಏನೂ ಮಾಡಿಲ್ಲ ಹಜ್ರತ್” ಎಂದ.

ವಿಚಾರಿಸಿದೆವು. ಅವರು ಆಗಲೇ ಎರಡು ಅಂಗಡಿ ಸುತ್ತಿ ಬಂದಿದ್ದರು. ಮೊದಲನೆಯವರು, “ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, 800 ರೂಪಾಯಿ ಆಗುತ್ತೆ, ಒಳಗಿರೋದೆಲ್ಲ ಅಳಿಸಿಹೋಗುತ್ತೆ” ಎಂದಿದ್ದರು. ಎರಡನೆಯವರು, “ಅರ್ಜಿ ನಾವೇ ತುಂಬುತ್ತೇವೆ, ಪಾಸ್‌ವರ್ಡ್ ಬರೆದುಕೊಟ್ಟು ಹೋಗಿ, ಒಟಿಪಿ ಬಂದಾಗ ಫೋನಿನಲ್ಲಿ ಹೇಳಿ” ಎಂದಿದ್ದರು. ಹುಡುಗ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದೂ ಕೊಟ್ಟಿದ್ದ.

ನಾವು ಕಂಪ್ಯೂಟರ್ ತಜ್ಞರಲ್ಲ. ಮಸೀದಿಯ ಲೆಕ್ಕಪತ್ರ ನೋಡುತ್ತಾ, ಮೊಹಲ್ಲಾದ ಮಕ್ಕಳಿಗೆ ಅರ್ಜಿ ತುಂಬಲು ಸಹಾಯ ಮಾಡುತ್ತಾ ಸ್ವಲ್ಪ ಕಲಿತಿದ್ದೇವೆ ಅಷ್ಟೇ. ಆ ದಿನ ಲ್ಯಾಪ್‌ಟಾಪ್ ತೆರೆದು ನೋಡಿದಾಗ ಅದು ಕೆಟ್ಟಿರಲಿಲ್ಲ, ಹುಡುಗ ಕೆಡಿಸಿರಲೂ ಇಲ್ಲ. ಒಂದೇ ಒಂದು ಗುಂಡಿ ಆನ್ ಆಗಿ ಉಳಿದಿತ್ತು. ಅದನ್ನು ಆಫ್ ಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ.

ಇಂದು ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ, ಸಿಇಟಿ, ಸೇವಾ ಸಿಂಧು ಎಲ್ಲವೂ ಬ್ರೌಸರಿನ ಮೂಲಕವೇ ನಡೆಯುತ್ತವೆ. ಬ್ರೌಸರ್ ಎಂದರೆ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮುಂತಾದ, ವೆಬ್ ಪುಟ ತೋರಿಸುವ ಸಾಧನ. ಅದರ ಒಂದು ಸೆಟ್ಟಿಂಗ್ ತಪ್ಪಿದರೆ ಅರ್ಜಿಯ ದಿನ ತಪ್ಪಿಹೋಗುತ್ತದೆ. ಆದ್ದರಿಂದ ಅಂದು ನಾವು ನೋಡಿದ ಕ್ರಮವನ್ನೇ, ಜೊತೆಗೆ ಪದೇ ಪದೇ ಎದುರಾಗುವ ಇನ್ನು ಕೆಲವು ತೊಂದರೆಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ಪ್ರಶ್ನೆ: ಎಲ್ಲವೂ ನಿಂತಿದೆಯೇ, ಒಂದೇ ಪುಟವೇ?

ಏನನ್ನೂ ಮುಟ್ಟುವ ಮೊದಲು ಮೂರು ವಿಷಯ ನೋಡಿ.

ಒಂದು, ಅದೇ ವೈಫೈನಲ್ಲಿ ಫೋನಿನಲ್ಲಿ ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ? ಫೋನಿನಲ್ಲೂ ಬಾರದಿದ್ದರೆ ತೊಂದರೆ ಸಂಪರ್ಕದ್ದು, ಲ್ಯಾಪ್‌ಟಾಪಿನದ್ದಲ್ಲ. ಈ ಪರೀಕ್ಷೆ ಮಾಡುವಾಗ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿರಬೇಕು. ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ ಡೇಟಾ ಬಳಸಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತದೆ.

ಎರಡು, ಲ್ಯಾಪ್‌ಟಾಪಿನಲ್ಲಿ ಯಾವ ಪುಟವೂ ಬರುವುದಿಲ್ಲವೋ, ಅರ್ಜಿಯ ಪುಟ ಮಾತ್ರ ಬರುವುದಿಲ್ಲವೋ? ಯಾವುದೂ ಬಾರದಿದ್ದರೆ ಪ್ರಾಕ್ಸಿ, ವಿಪಿಎನ್, ವೈಫೈ ಲಾಗಿನ್ ಕಡೆ ನೋಡಬೇಕು. ಒಂದೇ ಪುಟವಾದರೆ ಕುಕೀ, ಪಾಪ್‌ಅಪ್, ಹಳೆಯ ಉಳಿಕೆಗಳ ಕಡೆ ನೋಡಬೇಕು. ಆ ಪುಟ ಬೇರೆಯವರ ಫೋನಿನಲ್ಲೂ ತೆರೆಯದಿದ್ದರೆ ತೊಂದರೆ ಆ ಕಡೆಯದು. ಆಗ ನಮ್ಮ ಲ್ಯಾಪ್‌ಟಾಪನ್ನು ಕೆದಕುವುದು ಬೇಡ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು.

ಮೂರು, ಪರದೆಯ ಮೇಲೆ ಬಂದ ಸಂದೇಶವನ್ನು ಓದಿ. ಎಲ್ಲರೂ ಇದನ್ನು ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಎಂದು ಹೆದರಬೇಡಿ. ಅದರಲ್ಲಿ ‘ಪ್ರಾಕ್ಸಿ’ ಎಂಬ ಪದವಿದೆಯೇ, ‘ಡಿಎನ್‌ಎಸ್’ ಎಂದಿದೆಯೇ, ‘ಸರ್ಟ್’ ಅಥವಾ ‘ಕ್ಲಾಕ್’ ಎಂದಿದೆಯೇ ಅಷ್ಟು ನೋಡಿದರೂ ಯಾವ ಕಡೆ ಹೋಗಬೇಕೆಂದು ತಿಳಿಯುತ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆ ಹುಡುಗನ ಪರದೆಯಲ್ಲಿ ‘ಪ್ರಾಕ್ಸಿ ಕನೆಕ್ಷನ್ ಫೇಲ್ಡ್’ ಎಂದು ಬರೆದಿತ್ತು. ಎರಡು ಅಂಗಡಿಯವರೂ ಅದನ್ನು ಓದಿರಲಿಲ್ಲ.

ಪ್ರಾಕ್ಸಿ ಎಂದರೇನು?

ನಮ್ಮ ಸೋಲದೇವನಹಳ್ಳಿಯ ಸುತ್ತಮುತ್ತ ಕಾಲೇಜುಗಳೂ ಹಾಸ್ಟೆಲ್, ಪಿಜಿಗಳೂ ಬಹಳ. ಕೆಲವು ಕಾಲೇಜು, ಕಂಪನಿ, ಕಚೇರಿಗಳಲ್ಲಿ ಕಂಪ್ಯೂಟರುಗಳು ನೇರವಾಗಿ ಇಂಟರ್ನೆಟ್‌ಗೆ ಹೋಗುವುದಿಲ್ಲ. ನಡುವೆ ಒಂದು ಯಂತ್ರ ಇರುತ್ತದೆ. ಎಲ್ಲರ ಬೇಡಿಕೆಯನ್ನು ಅದು ತೆಗೆದುಕೊಂಡು ಹೊರಗಿನಿಂದ ಪುಟ ತಂದುಕೊಡುತ್ತದೆ. ಇದೇ ಪ್ರಾಕ್ಸಿ.

ಹಾಸ್ಟೆಲಿನಲ್ಲಿ ಕಾಗದಗಳನ್ನು ಗೇಟಿನ ಆಫೀಸಿಗೆ ಕೊಟ್ಟರೆ ಅವರೇ ಅಂಚೆಗೆ ಹಾಕುತ್ತಾರೆ ಎಂದುಕೊಳ್ಳಿ. ಒಳಗಿರುವವರೆಗೆ ಅದು ಸರಿ. ರಜೆಗೆ ಮನೆಗೆ ಬಂದ ಮೇಲೂ ‘ಗೇಟಿನ ಆಫೀಸಿಗೇ ಕೊಡುತ್ತೇನೆ’ ಎಂದು ಹುಡುಕಿದರೆ ಇಲ್ಲಿ ಆ ಗೇಟು ಎಲ್ಲಿದೆ? ಕಾಗದ ಕೈಯಲ್ಲೇ ಉಳಿಯುತ್ತದೆ. ಆ ಹುಡುಗನ ಲ್ಯಾಪ್‌ಟಾಪಿಗೆ ಆದದ್ದೂ ಇದೇ. ಕಾಲೇಜಿನ ಲ್ಯಾಬ್‌ನಲ್ಲಿ ಪ್ರಾಕ್ಸಿ ವಿಳಾಸ ಹಾಕಿಸಿಕೊಂಡಿದ್ದ. ಮನೆಗೆ ಬಂದ ಮೇಲೆ ಆಫ್ ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’, ಅದರಲ್ಲಿ ‘ಪ್ರಾಕ್ಸಿ’ಗೆ ಹೋಗಿ. ‘ಯೂಸ್ ಎ ಪ್ರಾಕ್ಸಿ ಸರ್ವರ್’ ಎಂಬುದು ಆನ್ ಆಗಿದ್ದರೆ ‘ಎಡಿಟ್’ ಒತ್ತಿ, ಒಳಗಿನ ಗುಂಡಿ ಆಫ್ ಮಾಡಿ, ‘ಸೇವ್’ ಒತ್ತಿ. ವಿಂಡೋಸ್ 10ರಲ್ಲೂ ಇದೇ ಹೆಸರಿನ ಪುಟದಲ್ಲಿ ಗುಂಡಿ ನೇರವಾಗಿ ಕಾಣುತ್ತದೆ. ಆಫ್ ಮಾಡುವ ಮೊದಲು ಅಲ್ಲಿರುವ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸೋಮವಾರ ಕಾಲೇಜಿನಲ್ಲಿ ಅದು ಮತ್ತೆ ಬೇಕಾಗುತ್ತದೆ.

ಕಾಲೇಜಿಗೂ ಕಚೇರಿಗೂ ಸಂಬಂಧವೇ ಇಲ್ಲದ ಮನೆಯ ಕಂಪ್ಯೂಟರಿನಲ್ಲಿ ನಾವು ಹಾಕದ ಪ್ರಾಕ್ಸಿ ವಿಳಾಸ ಕಂಡರೆ ಎಚ್ಚರ ವಹಿಸಿ. ಕೆಲವು ದುಷ್ಟ ತಂತ್ರಾಂಶಗಳು ಇದೇ ಸೆಟ್ಟಿಂಗನ್ನು ಬದಲಿಸಿ ನಮ್ಮ ಮಾಹಿತಿ ತಮ್ಮ ಮೂಲಕ ಹೋಗುವಂತೆ ಮಾಡುತ್ತವೆ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಮೊದಲು ವಿಂಡೋಸಿನಲ್ಲೇ ಇರುವ ‘ವಿಂಡೋಸ್ ಸೆಕ್ಯೂರಿಟಿ’ಯಿಂದ ಪೂರ್ತಿ ಸ್ಕ್ಯಾನ್ ಮಾಡಿಸಿ.

ವಿಪಿಎನ್ ಆಪ್ ಹಾಕಿಕೊಂಡಿದ್ದರೆ ಅದನ್ನೂ ಒಮ್ಮೆ ಆಫ್ ಮಾಡಿ ನೋಡಿ. ವಿಪಿಎನ್ ನಮ್ಮನ್ನು ಬೇರೆ ದೇಶದಲ್ಲಿರುವಂತೆ ತೋರಿಸಬಹುದು. ಹೊರದೇಶದಿಂದ ಬಂದ ಬೇಡಿಕೆಯನ್ನು ತಡೆಯುವ ಸೈಟ್‌ಗಳಿವೆ.

ಮನೆಯಲ್ಲಿ ತೆರೆಯದ ‘ಒಳಗಿನ’ ಪುಟಗಳು

ಅರ್ಜಿ ಶನಿವಾರವೇ ಹೋಯಿತು. ಆದರೆ ಮಂಗಳವಾರ ಹುಡುಗ ಮತ್ತೆ ಬಂದ. “ಹಜ್ರತ್, ಈಗ ಮನೆಯಲ್ಲಿ ಎಲ್ಲ ಬರುತ್ತೆ. ಕಾಲೇಜಿನಲ್ಲಿ ಲ್ಯಾಬ್ ಪೇಜ್ ಬರ್ತಿಲ್ಲ.”

ಇದನ್ನು ಅರ್ಥಮಾಡಿಕೊಳ್ಳಲು ಇಂಟರ್ನೆಟ್ ಮತ್ತು ಇಂಟ್ರಾನೆಟ್ ನಡುವಿನ ವ್ಯತ್ಯಾಸ ತಿಳಿದಿರಬೇಕು. ಇಂಟರ್ನೆಟ್ ಸಾರ್ವಜನಿಕ ರಸ್ತೆ. ಇಂಟ್ರಾನೆಟ್ ಒಂದು ಸಂಸ್ಥೆಯ ಕಾಂಪೌಂಡಿನ ಒಳಗಿನ ದಾರಿ. ನಮ್ಮ ರಾಜ್ಯ ಸರ್ಕಾರಕ್ಕೂ ಹೀಗೆ ಸ್ವಂತ ಜಾಲವಿದೆ. ಜಿಲ್ಲೆ, ತಾಲ್ಲೂಕು ಕಚೇರಿಗಳನ್ನು ಜೋಡಿಸುವ ಅದಕ್ಕೆ ‘ಕೆಸ್ವಾನ್’ ಎನ್ನುತ್ತಾರೆ. ಕಚೇರಿಯ ಸಿಬ್ಬಂದಿಗಾಗಿ ಒಳಜಾಲದಲ್ಲಿಟ್ಟ ಪುಟ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದರೂ ಮನೆಯಲ್ಲಿ ತೆರೆಯುವುದಿಲ್ಲ. ಅದು ದೋಷವಲ್ಲ, ಹಾಗೆಯೇ ಮಾಡಿಟ್ಟಿರುವುದು.

ಒಳಗಿನ ವಿಳಾಸವನ್ನು ಗುರುತಿಸುವುದು ಸುಲಭ. ಸಂಖ್ಯೆಯ ವಿಳಾಸವಾಗಿದ್ದು 10ರಿಂದ, 192.168ರಿಂದ ಅಥವಾ 172.16ರಿಂದ 172.31ರವರೆಗಿನ ಯಾವುದರಿಂದಾದರೂ ಶುರುವಾದರೆ ಅದು ಒಳಜಾಲದ್ದು. 1996ರಿಂದಲೂ ಈ ಸಂಖ್ಯೆಗಳನ್ನು ಜಗತ್ತಿನಾದ್ಯಂತ ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದ್ದಾರೆ. ನಮ್ಮ ಮನೆಯ ವೈಫೈ ಪೆಟ್ಟಿಗೆಯ ವಿಳಾಸವೂ ಸಾಮಾನ್ಯವಾಗಿ 192.168ರಿಂದಲೇ ಶುರುವಾಗುತ್ತದೆ. ಇಂಥ ವಿಳಾಸವನ್ನು ಸ್ನೇಹಿತರು ವಾಟ್ಸಾಪಿನಲ್ಲಿ ಕಳಿಸಿದರೆ ಮನೆಯಲ್ಲಿ ಕೂತು ಎಷ್ಟು ಒತ್ತಿದರೂ ತೆರೆಯದು. ಕಾಲೇಜು ವಿಪಿಎನ್ ಕೊಟ್ಟಿದ್ದರೆ ಅದರ ಮೂಲಕ ಮಾತ್ರ ಸಾಧ್ಯ.

ಕಾಲೇಜಿನಲ್ಲೇ ಇದ್ದೂ ಒಳಗಿನ ಪುಟ ಬಾರದಿದ್ದರೆ ಈ ನಾಲ್ಕನ್ನು ನೋಡಿ.

1. ಪ್ರಾಕ್ಸಿ ಆಫ್ ಆಗಿದೆಯೇ? ಅಲ್ಲಿ ಅದು ಬೇಕಾಗಿದ್ದರೆ ಆನ್ ಮಾಡಿ. ಕೆಲವು ಕಡೆ ಇದಕ್ಕೆ ವಿರುದ್ಧ. ಹೊರಗಿನ ಪುಟಕ್ಕೆ ಪ್ರಾಕ್ಸಿ ಬೇಕು, ಒಳಗಿನ ಪುಟಕ್ಕೆ ಬೇಡ. ಆಗ ಪ್ರಾಕ್ಸಿ ಪುಟದಲ್ಲೇ ಕೆಳಗೆ ಸ್ಥಳೀಯ ವಿಳಾಸಗಳಿಗೆ ಪ್ರಾಕ್ಸಿ ಬಳಸಬೇಡ ಎಂಬರ್ಥದ ಚೌಕವಿರುತ್ತದೆ, ಅದಕ್ಕೆ ಟಿಕ್ ಹಾಕಿ.

2. ‘ಲೈಬ್ರರಿ’ ಎಂಬಂತೆ ಒಂದೇ ಪದದ ವಿಳಾಸವೇ? ಬ್ರೌಸರ್ ಅದನ್ನು ವಿಳಾಸವೆಂದು ತಿಳಿಯದೆ ಗೂಗಲ್‌ನಲ್ಲಿ ಹುಡುಕಿಬಿಡುತ್ತದೆ. ಪದದ ಕೊನೆಯಲ್ಲಿ ಒಂದು ಓರೆಗೆರೆ ಹಾಕಿ ಎಂಟರ್ ಒತ್ತಿ.

3. ಕ್ರೋಮ್‌ನ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’ಯ ‘ಸೆಕ್ಯೂರಿಟಿ’ ಪುಟದಲ್ಲಿ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ಎಂದಿದೆ. ಡಿಎನ್‌ಎಸ್ ಎಂದರೆ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ತಿರುಗಿಸುವ ಪಟ್ಟಿ. ಅಲ್ಲಿ ಹೊರಗಿನ ಕಂಪನಿಯೊಂದನ್ನು ಆರಿಸಿದ್ದರೆ ಕಾಲೇಜಿನ ಒಳಗಿನ ಹೆಸರುಗಳು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿರುವಷ್ಟು ಹೊತ್ತು, ಈಗಿನ ಸಂಪರ್ಕದವರ ಪಟ್ಟಿಯನ್ನೇ ಬಳಸುವ ಆಯ್ಕೆಗೆ ಬದಲಿಸಿ.

4. ಲ್ಯಾಪ್‌ಟಾಪ್ ನಿಜವಾಗಿಯೂ ಕಾಲೇಜಿನ ವೈಫೈನಲ್ಲಿದೆಯೇ, ಫೋನಿನ ಹಾಟ್‌ಸ್ಪಾಟ್‌ನಲ್ಲಿದೆಯೇ? ಹಾಟ್‌ಸ್ಪಾಟ್ ಆದರೆ ನಾವು ಕಾಂಪೌಂಡಿನ ಒಳಗೆ ಕೂತಿದ್ದರೂ ಜಾಲದ ಲೆಕ್ಕದಲ್ಲಿ ಹೊರಗಿದ್ದೇವೆ.

ದಿನಾ ಆನ್-ಆಫ್ ಮಾಡುವುದು ಬೇಸರವಾದರೆ ಒಂದು ಉಪಾಯ. ಕ್ರೋಮ್ ಮತ್ತು ಎಡ್ಜ್ ವಿಂಡೋಸಿನ ಪ್ರಾಕ್ಸಿಯನ್ನೇ ಬಳಸುತ್ತವೆ. ಫೈರ್‌ಫಾಕ್ಸ್‌ಗೆ ಮಾತ್ರ ತನ್ನದೇ ಪ್ರಾಕ್ಸಿ ಸೆಟ್ಟಿಂಗ್ ಇದೆ. ‘ಸೆಟ್ಟಿಂಗ್ಸ್’, ‘ಜನರಲ್’ ಪುಟದ ‘ನೆಟ್‌ವರ್ಕ್ ಸೆಟ್ಟಿಂಗ್ಸ್’ನಲ್ಲಿ ಅದು ಸಿಗುತ್ತದೆ. ಕಾಲೇಜಿನ ಪ್ರಾಕ್ಸಿಯನ್ನು ಫೈರ್‌ಫಾಕ್ಸ್‌ನಲ್ಲಿ ಮಾತ್ರ ಹಾಕಿ, ವಿಂಡೋಸಿನದ್ದನ್ನು ಆಫ್ ಇಡಿ. ಕಾಲೇಜಿಗೆ ಫೈರ್‌ಫಾಕ್ಸ್, ಮನೆಗೆ ಕ್ರೋಮ್. ಆ ಹುಡುಗ ಈಗ ಹೀಗೇ ಮಾಡುತ್ತಿದ್ದಾನೆ.

ವೈಫೈ ಇದೆ, ಇಂಟರ್ನೆಟ್ ಇಲ್ಲ

ಪಿಜಿ, ಹಾಸ್ಟೆಲ್, ರೈಲ್ವೆ ನಿಲ್ದಾಣಗಳಲ್ಲಿ ವೈಫೈಗೆ ಸೇರಿದ ಮೇಲೆ ಒಂದು ಲಾಗಿನ್ ಪುಟ ಬರಬೇಕು. ಎಷ್ಟೋ ಸಲ ಅದು ಬರುವುದೇ ಇಲ್ಲ. ಎಚ್‌ಟಿಟಿಪಿಎಸ್ ಇರುವ ಭದ್ರ ಪುಟವನ್ನು ಲಾಗಿನ್ ಪುಟವಾಗಿ ತಿರುಗಿಸಲು ಬ್ರೌಸರ್ ಬಿಡುವುದಿಲ್ಲ, ಕಾರಣ ಅದು. ವೈಫೈ ಹೆಸರಿನ ಮೇಲೆ ಒತ್ತಿದರೆ ‘ಸೈನ್ ಇನ್’ ಎಂದು ಬರಬಹುದು. ಬಾರದಿದ್ದರೆ ವಿಳಾಸದ ಜಾಗದಲ್ಲಿ ಎಸ್ ಇಲ್ಲದ ಎಚ್‌ಟಿಟಿಪಿಯಿಂದ ಶುರುವಾಗುವ ಸಾದಾ ಪುಟವೊಂದನ್ನು ತೆರೆದು ನೋಡಿ.

ಆಂಡ್ರಾಯ್ಡ್ ಫೋನಿನಲ್ಲಿ 2018ರ ಆವೃತ್ತಿ 9ರಿಂದ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೆಟ್ಟಿಂಗ್ ಇದೆ. ಜಾಹೀರಾತು ಬಾರದಿರಲಿ ಎಂದು ಅಲ್ಲಿ ಯಾವುದೋ ಹೆಸರು ಬರೆದಿದ್ದರೆ ಲಾಗಿನ್ ಪುಟ ಬಾರದೇ ಹೋಗಬಹುದು. ಅದನ್ನು ‘ಆಟೊಮ್ಯಾಟಿಕ್’ಗೆ ತಂದು ನೋಡಿ.

ಒಂದೇ ಸೈಟ್ ತೊಂದರೆ ಕೊಟ್ಟರೆ

ಎಲ್ಲ ಪುಟ ಬಂದು ಅರ್ಜಿಯ ಪುಟ ಮಾತ್ರ ಸುತ್ತುತ್ತಾ ನಿಂತರೆ, ಮೊದಲು ಅದನ್ನು ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಕ್ರೋಮ್, ಎಡ್ಜ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಅಲ್ಲಿ ಹಳೆಯ ಕುಕೀಗಳು ಇರುವುದಿಲ್ಲ, ನಾವು ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳೂ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಪುಟ ಚೆನ್ನಾಗಿ ತೆರೆದರೆ ತೊಂದರೆ ನಮ್ಮ ಬ್ರೌಸರಿನ ಹಳೆಯ ಉಳಿಕೆಯಲ್ಲಿದೆ ಅಥವಾ ಯಾವುದೋ ಎಕ್ಸ್‌ಟೆನ್ಶನ್‌ನಲ್ಲಿದೆ ಎಂದರ್ಥ.

ಹಳೆಯ ಉಳಿಕೆ ತೆಗೆಯಲು ಎಲ್ಲವನ್ನೂ ಅಳಿಸಬೇಕಾಗಿಲ್ಲ. ಮೊದಲು ಕಂಟ್ರೋಲ್ ಹಿಡಿದು ಎಫ್5 ಒತ್ತಿ. ಪುಟ ಹೊಸದಾಗಿ ಬರುತ್ತದೆ. ಸಾಲದಿದ್ದರೆ ವಿಳಾಸದ ಎಡಗಡೆಯ ಚಿಕ್ಕ ಗುರುತನ್ನು ಒತ್ತಿ ಆ ಒಂದು ಸೈಟಿನ ಕುಕೀ ಮತ್ತು ಮಾಹಿತಿಯನ್ನು ಮಾತ್ರ ಅಳಿಸಿ. ಎಲ್ಲವನ್ನೂ ಅಳಿಸಿದರೆ ಮನೆಯವರೆಲ್ಲ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಪಾಸ್‌ವರ್ಡ್ ನೆನಪಿಲ್ಲದವರಿಗೆ ಇನ್ನೊಂದು ಫಜೀತಿ.

‘ಪ್ರಿಂಟ್’ ಒತ್ತಿದರೆ ಏನೂ ಆಗುವುದಿಲ್ಲ, ಹಣ ಕಟ್ಟುವ ಪುಟ ಬರುವುದಿಲ್ಲ ಎಂದರೆ ಬಹುಮಟ್ಟಿಗೆ ಪಾಪ್‌ಅಪ್ ತಡೆ ಕಾರಣ. ವಿಳಾಸದ ಬಲತುದಿಯಲ್ಲಿ ಒಂದು ಚಿಕ್ಕ ಗುರುತು ಕಾಣಿಸುತ್ತದೆ. ಅದನ್ನು ಒತ್ತಿ ‘ಈ ಸೈಟಿಗೆ ಅನುಮತಿ’ ಕೊಡಿ. ಇಲ್ಲಿ ಅನೇಕರು ತಪ್ಪು ಮಾಡುತ್ತಾರೆ. ಸೆಟ್ಟಿಂಗ್ಸಿಗೆ ಹೋಗಿ ಎಲ್ಲ ಸೈಟುಗಳಿಗೂ ಪಾಪ್‌ಅಪ್ ತೆರೆದಿಡುತ್ತಾರೆ. ಒಬ್ಬ ನೆಂಟ ಬರುತ್ತಾನೆಂದು ಮನೆಯ ಬಾಗಿಲನ್ನು ರಾತ್ರಿಯೆಲ್ಲ ತೆರೆದಿಡುತ್ತೇವೆಯೇ? ಬಂದವನು ಯಾರೆಂದು ನೋಡಿ ಅವನಿಗೆ ಮಾತ್ರ ತೆಗೆಯುತ್ತೇವೆ. ಬ್ರೌಸರಿನಲ್ಲೂ ಒಂದು ಸೈಟಿಗೆ ಬೇಕಾದ ಅನುಮತಿಯನ್ನು ಆ ಸೈಟಿಗೆ ಮಾತ್ರ ಕೊಡಿ.

‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯಿರಿ’ ಎಂದು ಬರೆದಿರುವ ಹಳೆಯ ಪುಟಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ. ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿಲ್ಲಿಸಿತು. ಅದನ್ನು ಹುಡುಕಿ ಯಾವುದೋ ಸೈಟಿನಿಂದ ಇಳಿಸಿಕೊಳ್ಳಬೇಡಿ. ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಬ್ರೌಸರ್’ ಪುಟಕ್ಕೆ ಹೋಗಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್’ಗೆ ಅನುಮತಿ ಕೊಟ್ಟು, ಆ ಒಂದು ಪುಟದ ವಿಳಾಸ ಸೇರಿಸಿ. ಹಾಗೆ ಸೇರಿಸಿದ ವಿಳಾಸ 30 ದಿನ ಇರುತ್ತದೆ, ಬೇಕಾದರೆ ಮತ್ತೆ ಸೇರಿಸಬೇಕು.

ಕೆಂಪು ಎಚ್ಚರಿಕೆ ಬಂದಾಗ

‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂಬ ಕೆಂಪು ಗುರುತಿನ ಪುಟ ಎಲ್ಲ ಸೈಟುಗಳಲ್ಲೂ ಒಮ್ಮೆಲೇ ಬಂದರೆ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿ. ಪ್ರತಿ ಭದ್ರ ಸೈಟಿಗೂ ಒಂದು ಪ್ರಮಾಣಪತ್ರವಿದ್ದು, ಅದಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಕಂಪ್ಯೂಟರಿನ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಒಳ್ಳೆಯ ಪತ್ರವೂ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ‘ಟೈಮ್ ಅಂಡ್ ಲ್ಯಾಂಗ್ವೇಜ್’ನಲ್ಲಿ ದಿನಾಂಕ ಸರಿಪಡಿಸಿ ‘ಸಿಂಕ್ ನೌ’ ಒತ್ತಿ. ಹಳೆಯ ಕಂಪ್ಯೂಟರಿನಲ್ಲಿ ದಿನಾಂಕ ಮತ್ತೆ ಮತ್ತೆ ಹಿಂದಕ್ಕೆ ಹೋದರೆ ಒಳಗಿನ ಗುಂಡಿಯಾಕಾರದ ಚಿಕ್ಕ ಬ್ಯಾಟರಿ ಮುಗಿದಿರುತ್ತದೆ. ಹೆಚ್ಚಿನವುಗಳಲ್ಲಿ ಅದು ಸಿಆರ್2032 ಎಂಬ ಸೆಲ್. ಕಡಿಮೆ ಬೆಲೆಗೆ ಸಿಗುತ್ತದೆ.

ಗಡಿಯಾರ ಸರಿಯಿದ್ದು, ಒಂದೇ ಸೈಟಿನಲ್ಲಿ ಎಚ್ಚರಿಕೆ ಬಂದರೆ? ಕಾಲೇಜಿನ ಒಳಗೆ, ಕಾಲೇಜಿನವರೇ ಕೊಟ್ಟ ಒಳವಿಳಾಸವಾದರೆ ಅವರನ್ನು ಕೇಳಿ ಮುಂದುವರಿಯಬಹುದು. ಆದರೆ ಬ್ಯಾಂಕ್, ಆಧಾರ್, ವಿದ್ಯಾರ್ಥಿವೇತನದ ಪುಟದಲ್ಲಿ ಆ ಎಚ್ಚರಿಕೆಯನ್ನು ದಾಟಿ ಹೋಗಲೇಬೇಡಿ. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ರಾಜ್ಯ ಸರ್ಕಾರದ ಸೈಟುಗಳ ವಿಳಾಸ ಸಾಮಾನ್ಯವಾಗಿ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ಅದರ ನಂತರ ಓರೆಗೆರೆ ಬರಬಹುದು, ಆದರೆ ಇನ್ನೊಂದು ಡಾಟ್ ಹಾಕಿ ಬೇರೆ ಹೆಸರು ಸೇರಿಸಿದ್ದರೆ ಅದು ಸರ್ಕಾರದ್ದಲ್ಲ.

ಪಾಸ್‌ವರ್ಡ್ ಒಂದು ಅಮಾನತು

ಆ ಶುಕ್ರವಾರ ನಾವು ಪ್ರಾಕ್ಸಿ ಆಫ್ ಮಾಡಿದ ಕೂಡಲೇ ಅರ್ಜಿಗೆ ಕೈ ಹಾಕಲಿಲ್ಲ. ಮೊದಲು ಹುಡುಗನಿಂದ ಪಾಸ್‌ವರ್ಡ್ ಬದಲಿಸಿಸಿದೆವು, ಏಕೆಂದರೆ ಚೀಟಿ ಅಂಗಡಿಯಲ್ಲೇ ಉಳಿದಿತ್ತು. ಅಂಗಡಿಯವರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಆದರೆ ಆ ಚೀಟಿ ಯಾರ ಕೈಗೆ ಹೋಗುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ. ವಿದ್ಯಾರ್ಥಿವೇತನದ ಖಾತೆಗೆ ಆಧಾರ್ ಜೋಡಣೆಯಾಗಿರುತ್ತದೆ, ಬ್ಯಾಂಕ್ ಖಾತೆ ಜೋಡಣೆಯಾಗಿರುತ್ತದೆ. ಅದರ ಕೀಲಿ ನಮ್ಮ ಬಳಿ ಇರುವ ಅಮಾನತು. ಮನೆಯ ಬೀಗದ ಕೈಯನ್ನು ದಾರಿಯಲ್ಲಿ ಸಿಕ್ಕವರಿಗೆ ಕೊಡದವರು ಇದನ್ನೂ ಕೊಡಬಾರದು.

ಸೇವಾ ಕೇಂದ್ರಕ್ಕೆ ಹೋಗಲೇಬೇಕಾದರೆ ಪಕ್ಕದಲ್ಲಿ ಕೂತು ಪಾಸ್‌ವರ್ಡನ್ನೂ ಒಟಿಪಿಯನ್ನೂ ನಾವೇ ಟೈಪ್ ಮಾಡೋಣ. ಮುಗಿದ ಮೇಲೆ ‘ಲಾಗ್‌ಔಟ್’ ಒತ್ತೋಣ. ಬ್ರೌಸರ್ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕೇಳಿದರೆ ಬೇಡ ಎನ್ನೋಣ. ಮೋಸ ಹೋಗಿ ಹಣ ಹೋದರೆ ನಾಚಿಕೊಂಡು ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೇವೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಇನ್ನೊಂದು ಮಾತನ್ನು ತಂದೆ-ತಾಯಂದಿರಿಗೆ ಹೇಳಬೇಕು. ಆ ತಂದೆ ಮೂರು ದಿನದಿಂದ ಮಗನನ್ನು ಬೈಯುತ್ತಿದ್ದರು. ನೋಡಬಾರದ್ದನ್ನು ನೋಡಿ ಯಂತ್ರ ಕೆಡಿಸಿದ್ದಾನೆ ಎಂಬ ಅನುಮಾನ ಅವರಿಗೆ. ಹುಡುಗ ಎರಡು ಹೊತ್ತು ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಪರದೆಯ ಮೇಲಿದ್ದ ಒಂದು ಸಾಲನ್ನು ಓದಿದ್ದರೆ ಆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ. ತಿಳಿಯದ ವಿಷಯದಲ್ಲಿ ವಿಚಾರಿಸದೆ ತೀರ್ಪು ಕೊಡಬಾರದೆಂದು ನಾವು ಮಿಂಬರಿನಿಂದ ಎಷ್ಟೋ ಸಲ ಹೇಳಿದ್ದೇವೆ. ಅದು ನೆರೆಯವರ ವಿಷಯಕ್ಕೆ ಮಾತ್ರವಲ್ಲ, ಮನೆಯ ಮಕ್ಕಳ ವಿಷಯಕ್ಕೂ ಅನ್ವಯಿಸುತ್ತದೆ.

ಪುಟ ತೆರೆದುಕೊಂಡಾಗ ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಹೆಗಲ ಮೇಲೆ ಕೈಯಿಟ್ಟು, “ನಡಿ ಬೇಟಾ, ಅಮ್ಮಿ ಕಾಯ್ತಿರ್ತಾಳೆ, ಊಟ ಮಾಡೋಣ” ಎಂದರು.

ಅರ್ಜಿಗಳ ದಿನಗಳು ಬರುತ್ತಿವೆ. ಕೊನೆಯ ದಿನದವರೆಗೆ ಕಾಯದೆ ಒಂದು ವಾರ ಮೊದಲೇ ಪುಟ ತೆರೆದು ನೋಡಿ. ತೆರೆಯದಿದ್ದರೆ ಮೇಲಿನ ಕ್ರಮದಲ್ಲಿ ಪರೀಕ್ಷಿಸಿ. ಆಗಲೂ ಆಗದಿದ್ದರೆ ಪರದೆಯ ಫೋಟೋ ತೆಗೆದುಕೊಂಡು ನಿಮ್ಮ ಮೊಹಲ್ಲಾದಲ್ಲಿ ಓದುತ್ತಿರುವ ಹುಡುಗರಿಗೋ ಹುಡುಗಿಯರಿಗೋ ತೋರಿಸಿ. ಹೇಳಿಕೊಡುವ ಮಕ್ಕಳು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ.